ಸಂಡಿಗೆ ಗೋಪುರಕ್ಕೆ ಹೆಸರು ಬಂದ ಬಗೆ

ಶಿರಗುಂದ ನಗರಕ್ಕೆ ರೈಲಿನಲ್ಲಿ ಬರುವವರಿಗೆ ನಿಲ್ದಾಣಕ್ಕಿಂತ ಮೊದಲು ಕಾಣುವುದು ಅಲ್ಲಿಯ ಇಪ್ಪತ್ತೆರಡು ಎತ್ತರದ ಕಟ್ಟಡಗಳು. ಇವುಗಳ ನಡುವೆ ನುಸುಳಲು ಮೋಡಗಳು ಸರದಿಯಲ್ಲಿ ನಿಲ್ಲಬೇಕು; ನಂಬದವರು ಊರ ಹಿರಿಯರನ್ನು ಕೇಳಬಹುದು, ಅವರು ಇದಕ್ಕಿಂತ ದೊಡ್ಡದು ಹೇಳುತ್ತಾರೆ. ಎಲ್ಲಕ್ಕೂ ಹಳೆಯದು ಬಡಿಗೇರ ಓಣಿಯ ಬಾಯಲ್ಲಿರುವ ಒಂಬತ್ತು ಮಹಡಿಯದು. ಅದರ ನೆತ್ತಿಯಲ್ಲಿ ಆಳೆತ್ತರದ ಅಕ್ಷರಗಳಲ್ಲಿ ‘ಗಗನ ವೈಭವ’ ಎಂದಿದೆ. ಆ ಹೆಸರು ಹೇಳಿದರೆ ಆಟೋದವನು ಊರೆಲ್ಲ ಸುತ್ತಿಸುತ್ತಾನೆ. ಸಂಡಿಗೆ ಗೋಪುರ ಎಂದರೆ ನೇರ ತಂದು ಇಳಿಸುತ್ತಾನೆ.

ಹಿಂದೆ ಒಮ್ಮೆ, ಎರಡು ಮಹಡಿ ಹತ್ತಿದವನಿಗೇ ಊರವರು ಶಾಲು ಹೊದಿಸುತ್ತಿದ್ದ ಕಾಲದಲ್ಲಿ, ಗುತ್ತಿಗೆದಾರ ಚೆನ್ನವೀರಪ್ಪ ಈ ಕಟ್ಟಡ ಎಬ್ಬಿಸಿದ. ಅದರ ನೆರಳು ಓಣಿಯ ಮೇಲೆ ಕಂಬಳಿಯಂತೆ ಬಿತ್ತು. ಓಣಿಯ ನೀಲವ್ವನ ಮೊಮ್ಮಗಳ ಮದುವೆಗೆ ಹನ್ನೆರಡೇ ದಿನವಿತ್ತು. ಬೀಗರ ಎಲೆಗೆ ಮನೆಯ ಸಂಡಿಗೆ ಬೀಳದಿದ್ದರೆ ನಾಲ್ಕು ತಲೆಮಾರು ಆಡಿಕೊಳ್ಳುವ ಊರದು. ಅಂಗಳದಲ್ಲಿ ಹಾಕಿದ ಸಂಡಿಗೆಯೋ, ಮೂರು ದಿನವಾದರೂ ಒಣಗದೆ ಹುಳಿ ವಾಸನೆ ಹೊಡೆಯಿತು. ನೀಲವ್ವ ನೆಟ್ಟಗೆ ಚೆನ್ನವೀರಪ್ಪನ ಮುಂದೆ ಹೋಗಿ ನಿಂತಳು.

“ಯಪ್ಪಾ, ನಿನ್ನ ಕಟ್ಟಡ ನನ್ನ ಬಿಸಲು ನುಂಗೇತಿ.”

“ಬಿಸಲು ಎಲ್ಲೀಗೂ ಹೋಗಿಲ್ಲ ಬೇ, ಮ್ಯಾಲೈತಿ. ಕೈಲಾದ್ರ ಹತ್ತಿ ತಗೋ,” ಎಂದು ಆತ ಮೀಸೆಯಲ್ಲೇ ನಕ್ಕ. ಲಿಫ್ಟ್ ಇನ್ನೂ ಕೂರಿಸಿರಲಿಲ್ಲ.

ಮರುದಿನ ಬೆಳಿಗ್ಗೆ ನೀಲವ್ವ ಓಣಿಯ ಹದಿನೇಳು ಹೆಂಗಸರನ್ನು ಕಟ್ಟಿಕೊಂಡು, ಹಿಟ್ಟಿನ ಪಾತ್ರೆ, ಹಳೆಯ ಸೀರೆಗಳನ್ನು ಹೊತ್ತು ಹತ್ತಿಯೇಬಿಟ್ಟಳು. ಐದನೆಯ ಮಹಡಿಯಲ್ಲಿ ಹಿಟ್ಟಿಗೇ ಏದುಸಿರು ಬಂತು, ಹೆಂಗಸರಿಗೆ ಬರಲಿಲ್ಲ ಎನ್ನುತ್ತಾರೆ. ಆ ಹೊತ್ತಿಗೆ ಚೆನ್ನವೀರಪ್ಪ ಮಾಳಿಗೆಯ ನೀರಿನ ಟ್ಯಾಂಕಿನೊಳಗೆ ಇಳಿದು ಸೋರಿಕೆ ನೋಡುತ್ತಿದ್ದ. ಹೊರಗೆ ತಲೆ ಹಾಕಿದರೆ, ಟ್ಯಾಂಕಿನ ಬುಡದಿಂದ ಮೆಟ್ಟಿಲ ಬಾಗಿಲವರೆಗೆ ನೆಲವೇ ಕಾಣದಂತೆ ಹಾಸಿದ ಸೀರೆಗಳ ಮೇಲೆ ಹಸಿ ಸಂಡಿಗೆ. ಅನ್ನ ತುಳಿದವನಿಗೆ ಏಳು ಜನ್ಮ ಅನ್ನವಿಲ್ಲ ಎಂದು ತಾಯಿ ಕಲಿಸಿದ್ದಳು. ಎತ್ತಿದ ಕಾಲು ಎತ್ತಿದಂತೆ ನಿಂತ.

“ದಾರಿ ಬಿಡ್ರವ್ವಾ. ಇವತ್ತ ಮನಿ ನೋಡಾಕ ಮಂದಿ ಬರ್ತಾರ.”

“ಒಣಗ್ಲಿ ತಡಿ. ಅಲ್ಲೀತನಕ ಕಾಗಿ ಹೊಡಿ,” ಎಂದಳು ನೀಲವ್ವ.

ಸಂಜೆಯವರೆಗೆ ಆತ ರುಮಾಲು ಬಿಚ್ಚಿ ಬೀಸಿದ. ಆ ಬೀಸಿಗೆ ಕಾಗೆಗಳು ಪಕ್ಕದ ತಾಲೂಕಿಗೆ ಹೋಗಿ ಬಿದ್ದವಂತೆ. ಸೂರ್ಯ ಅಷ್ಟು ಹತ್ತಿರವಿದ್ದದ್ದರಿಂದ ಅಂಚಿನ ಸಂಡಿಗೆಗಳು ಎಣ್ಣೆಯಿಲ್ಲದೆ ಅರಳಿದವಂತೆ. ಮನೆ ನೋಡಲು ಬಂದವರು ಅವನ್ನು ಕುರುಕುತ್ತ, “ಮಾಲಕ ತಾನ ನಿಂತು ಕಾವಲು ಕಾಯೂ ಕಟ್ಟಡ, ಭದ್ರ ಇರಾಕಬೇಕು,” ಎಂದು ಅಲ್ಲೇ ಒಪ್ಪಿಕೊಂಡರು. ಬಿಸಿಲು ಇಳಿದ ಮೇಲೂ ನೀಲವ್ವ ಸಂಡಿಗೆಯ ಸೀರೆಗಳನ್ನು ನೆಲದಿಂದ ಎತ್ತಲಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಓಣಿಯದೇ ಎಂದು ಚೆನ್ನವೀರಪ್ಪ ಮಾತು ಕೊಟ್ಟ ಮೇಲೆಯೇ ಎತ್ತಿದಳು. ಮದುವೆಯಲ್ಲಿ ಬೀಗರು ಮೂರು ಸಲ ಸಂಡಿಗೆ ಕೇಳಿ ಹಾಕಿಸಿಕೊಂಡರು. ನಾಲ್ಕನೆಯ ಸಲ ಚೆನ್ನವೀರಪ್ಪನೇ ಬಡಿಸಿದ.

ಆಮೇಲೆ ಎದ್ದ ಕಟ್ಟಡಗಳಿಗೂ ಅದೇ ಕಟ್ಟಳೆಯಾಯಿತು. ಇಂದಿಗೂ ಶಿವರಾತ್ರಿ ಕಳೆದ ಮೇಲೆ ಬಂದವರು ಇಪ್ಪತ್ತೆರಡು ನೆತ್ತಿಗಳ ಮೇಲೂ ಸಂಡಿಗೆಯ ಸೀರೆಗಳನ್ನು ಕಾಣಬಹುದು. ಮೇಲೆ ಹತ್ತಿ ನೋಡಿದರೆ, ಟ್ಯಾಂಕಿನಿಂದ ಮೆಟ್ಟಿಲವರೆಗೆ ಒಂದು ಸಣ್ಣ ದಾರಿ ಬಿಟ್ಟಿರುತ್ತಾರೆ. ಅದರ ಅಗಲವೆಷ್ಟು ಎಂದು ಕೇಳಿದರೆ ಹೆಂಗಸರು ಹಿಟ್ಟಿನಿಂದ ತಲೆ ಎತ್ತದೆಯೇ, “ಒಂದು ಚೆನ್ನವೀರಪ್ಪ,” ಎನ್ನುತ್ತಾರೆ.