ನೈವೇದ್ಯ ಉಣ್ಣುವ ಚಕ್ರ

ಗಾಣದ ಸದ್ದಿಗೇ ಬೆಳಗಾಗುತ್ತಿದ್ದ ಒಂದು ರಾಜ್ಯವಿತ್ತು. ಅಲ್ಲಿ ಬಾಳವ್ವ ಎಂಬ ಗಾಣದವಳು ಇದ್ದಳು. ಒಂದು ಗಾಣ, ಒಂದು ಎತ್ತು, ಅಷ್ಟೇ ಅವಳ ಬದುಕು.

ಒಂದು ದಿನ ಭಸ್ಮಯ್ಯನೆಂಬ ಮಂತ್ರವಾದಿ ಬಂದ. ಅರಮನೆಯ ಅಂಗಳದಲ್ಲಿ ಎತ್ತರದ ಕಲ್ಲುಕಟ್ಟೆ ಕಟ್ಟಿಸಿ, ಅದರ ಮೇಲೆ ಚಕ್ರದ ಗಾಣ ಹೂಡಿದ. ಮಂತ್ರ ಹೇಳಿದ. ಎತ್ತಿಲ್ಲ, ಆಳಿಲ್ಲ, ಚಕ್ರ ಗರಗರ ತಿರುಗಿತು! ಎಳ್ಳೆಣ್ಣೆ ಧಾರೆಯಾಗಿ ಸುರಿಯಿತು.

"ಮಹಾಪ್ರಭು, ಇದಕ್ಕೆ ಮೇವು ಬೇಡ, ನೀರು ಬೇಡ. ದಿನಕ್ಕೊಂದು ನೈವೇದ್ಯ ಸಾಕು" ಅಂದ.

ದೊರೆ ಹಿಗ್ಗಿಹೋದ. "ಬರುವ ಹುಣ್ಣಿಮೆಗೆ ಊರಿನ ಗಾಣಗಳನ್ನೆಲ್ಲ ಒಡೆದು ಸೌದೆ ಮಾಡಿ. ಇನ್ನು ಎಣ್ಣೆಯೆಲ್ಲ ಭಸ್ಮಯ್ಯನದೇ" ಎಂದು ಡಂಗುರ ಸಾರಿಸಿದ.

ಡಂಗುರ ಕೇಳಿದ ಬಾಳವ್ವ ಅರಮನೆಗೆ ಓಡಿಬಂದು ಚಕ್ರದ ಅಚ್ಚಿನ ಮರ ಮುಟ್ಟಿ ನೋಡಿದಳು. ಬಿಸಿಯಾಗಿತ್ತು. ಅವಳ ಗಾಣದ ಮರವೂ ಹೀಗೇ ಬಿಸಿಯಾಗುತ್ತದೆ. ಎತ್ತು ತಿಂದ ಹಿಂಡಿಯ ಬಲವೇ ತಿರುಗಾಟವಾಗಿ, ಉಜ್ಜಾಟದಲ್ಲಿ ಬಿಸಿಯಾಗುತ್ತದೆಂದು ಅವಳಿಗೆ ಗೊತ್ತು. ಹಾಗಾದರೆ ಇದಕ್ಕೆ ಬಲ ಎಲ್ಲಿಂದ?

"ಬುದ್ಧೀ, ಇದು ಎಲ್ಲೋ ಮೇಯ್ತಾ ಇದೆ. ಮೂರು ದಿನ ಕೊಡಿ, ಎಲ್ಲಿ ಅಂತ ತೋರಿಸ್ತೀನಿ" ಅಂದಳು ದೊರೆಗೆ.

"ಎತ್ತಿನ ಬಾಲ ಹಿಡಿದವಳು ಮಂತ್ರಕ್ಕೆ ಮೂಗುದಾರ ಹಾಕ್ತಾಳಂತೆ!" ಭಸ್ಮಯ್ಯ ನಕ್ಕ. ದೊರೆಗೂ ತಮಾಷೆ ಅನ್ನಿಸಿತು. ಒಪ್ಪಿದ.

ಮೊದಲ ದಿನ, "ಗಾಳಿ ತಿನ್ನುತ್ತಿರಬೇಕು" ಎಂದು ಸುತ್ತಲೂ ಬಿದಿರಿನ ತಟ್ಟಿ ಕಟ್ಟಿಸಿದಳು. ಚಕ್ರ ತಿರುಗಿತು. ಜನ ನಕ್ಕರು.

ಎರಡನೆಯ ದಿನ, "ನೀರು ಕುಡಿಯುತ್ತಿರಬೇಕು" ಎಂದು ಕಟ್ಟೆಯ ಪಕ್ಕದ ಕಾಲುವೆಗೆ ಮಣ್ಣು ಹಾಕಿಸಿದಳು. ಚಕ್ರ ತಿರುಗಿತು. ಜನ ಬಿದ್ದು ಬಿದ್ದು ನಕ್ಕರು.

ಬಾಳವ್ವ ಕಟ್ಟೆಯ ಎದುರು ಕೂತೇ ಇದ್ದಳು. ಮಧ್ಯಾಹ್ನ ನೈವೇದ್ಯ ಬಂತು. ಒಂದು ಹೆಡಿಗೆ ಜೋಳದ ರೊಟ್ಟಿ, ಒಂದು ಕೊಡ ಮಜ್ಜಿಗೆ. ಭಸ್ಮಯ್ಯ ಅದನ್ನು ಕಟ್ಟೆಯ ಹಿಂದಿನ ಪರದೆಯೊಳಗೆ ಒಯ್ದ. ಸ್ವಲ್ಪ ಹೊತ್ತಿಗೆ ಹೆಡಿಗೆ ಹೊರಬಂತು. ಖಾಲಿ! ಪ್ರಸಾದವೆಂದು ಒಂದು ಚೂರೂ ಉಳಿದಿರಲಿಲ್ಲ.

ಯಾವ ದೇವರು ನೈವೇದ್ಯವನ್ನು ಪೂರಾ ಉಣ್ಣುತ್ತಾನೆ? ನೋಡಿ ತೃಪ್ತನಾಗಿ ಭಕ್ತರಿಗೆ ಬಿಡುತ್ತಾನಲ್ಲವೆ? ಬಾಳವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಮೂರನೆಯ ದಿನ, "ಇವತ್ತು ನೈವೇದ್ಯ ಬೇಡ" ಅಂದಳು.

ಭಸ್ಮಯ್ಯನ ಮುಖ ಬಿಳಿಚಿತು. "ಅಪಚಾರ! ದೇವರು ಮುನೀತಾನೆ!"

"ಒಂದು ಏಕಾದಶಿ ಮಾಡಲಿ ಬಿಡಯ್ಯ."

ಮಧ್ಯಾಹ್ನಕ್ಕೆ ಚಕ್ರ ನಿಧಾನವಾಯಿತು. ಇಳಿಹೊತ್ತಿಗೆ ತೂಕಡಿಸಿತು. ಹೊತ್ತು ಮುಳುಗುವ ಮುನ್ನ ನಿಂತೇಹೋಯಿತು. ಕಟ್ಟೆಯೊಳಗಿಂದ ಒಂದು ದನಿ ಬಂತು.

"ಅಯ್ನೋರೇ, ರೊಟ್ಟಿ ಎಲ್ಲಿ? ಹಸಿದ ಹೊಟ್ಟೇಲಿ ತೋಳು ಏಳ್ತಿಲ್ಲ!"

ದೊರೆ ಕಟ್ಟೆಯ ಚಪ್ಪಡಿ ಎತ್ತಿಸಿದ. ಬೆವರಿನಲ್ಲಿ ತೊಯ್ದ ನಾಲ್ವರು ಜಟ್ಟಿಗಳು ಒಬ್ಬೊಬ್ಬರಾಗಿ ಮೇಲೆ ಬಂದರು. ಊರಿಗೆ ಊರೇ ಕೇಕೆ ಹಾಕಿತು.

"ಬಿಸಿಲು ಜೋಳವಾಯ್ತು ಬುದ್ಧೀ," ಅಂದಳು ಬಾಳವ್ವ. "ಜೋಳ ರೊಟ್ಟಿಯಾಯ್ತು. ರೊಟ್ಟಿ ಇವರ ತೋಳಿನ ಬಲವಾಯ್ತು. ಆ ಬಲ ಚಕ್ರದ ತಿರುಗಾಟವಾಗಿ, ತಿರುಗಾಟ ಮರದ ಬಿಸಿಯಾಯ್ತು. ನಡುವೆ ಮಂತ್ರ ಎಲ್ಲಿದೆ?"

ದೊರೆ ನಾಚಿ ತನ್ನ ಆಜ್ಞೆ ಹಿಂತೆಗೆದುಕೊಂಡ. ಜಟ್ಟಿಗಳಿಗೆ ಹೊಟ್ಟೆತುಂಬ ಉಣ್ಣಿಸಿ, ಅವರ ಜಾಗದಲ್ಲಿ ಭಸ್ಮಯ್ಯನನ್ನು ಚಕ್ರಕ್ಕೆ ಹಚ್ಚಿದ. ಬಾಳವ್ವನನ್ನೂ ಅವಳ ಎತ್ತನ್ನೂ ಓಲಗ ಊದಿಸುತ್ತ ಮನೆಗೆ ಕಳಿಸಿದ.

ತಿಳಿಯಿತೇ ಮಕ್ಕಳೇ? ಏನೂ ಇಲ್ಲದ ಕಡೆಯಿಂದ ಬಲ ಹುಟ್ಟುವುದಿಲ್ಲ, ಇಲ್ಲವಾಗುವುದೂ ಇಲ್ಲ. ವೇಷ ಬದಲಿಸುತ್ತದೆ, ಅಷ್ಟೆ. ಏನೂ ತಿನ್ನದೆ ದುಡಿಯುವುದನ್ನು ಯಾರಾದರೂ ತೋರಿಸಿದರೆ, ಕಾಣದ ಕಡೆ ದುಡಿಯುತ್ತಿರುವವರು ಯಾರೆಂದು ಮೊದಲು ಕೇಳಿ.