ಮುಚ್ಚದ ತಡಿಕೆ

"ಗುರುಗಳೇ, ಕೈಬಿಡುವುದಕ್ಕೂ ಒಪ್ಪಿಸಿಕೊಡುವುದಕ್ಕೂ ವ್ಯತ್ಯಾಸವೇನು?" ಎಂದು ಅಡಿವೆಪ್ಪ ಕೇಳಿದ.

ಅವನು ಮರುದಿನ ಯಾತ್ರೆಗೆ ಹೊರಡುವವನಿದ್ದ. ಮಠದಲ್ಲಿ ಕಣ್ಣು ಕಾಣದ ಹಿರಿಯ ಸಾಧು ಒಬ್ಬರಿದ್ದರು. ಆರು ವರ್ಷ ಅವರಿಗೆ ಉಣಿಸಿ, ಅಂಗಾಲು ತಿಕ್ಕಿ ಮಲಗಿಸಿದವನು ಇವನೇ. ಆ ಬೆಳಿಗ್ಗೆ ಅವರನ್ನು ಊರೊಳಗಿನ ಭಕ್ತರ ಮನೆಯಲ್ಲಿ ಬಿಟ್ಟು ಬಂದಿದ್ದ. ಹಾಸಿಗೆ, ಬಟ್ಟಲು, ಔಷಧಿ ಎಲ್ಲವನ್ನೂ ಕೊಟ್ಟಿದ್ದ. ಆದರೂ ಮನಸ್ಸು ಹಗುರಾಗಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ವರ್ಷದಲ್ಲಿ ಎಂಟು ತಿಂಗಳು ಕುರಿಗಳ ಹಿಂದೆ ಊರೂರು ಅಲೆಯುವ ಬದುಕು. ಅವನಿಗೊಂದು ನಾಯಿ. ಹನ್ನೆರಡು ವರ್ಷ ಅದು ಹಿಂಡು ಕಾದಿತ್ತು. ತೋಳನ ಬಾಯಿಂದ ಮರಿ ಬಿಡಿಸಲು ಹೋಗಿ ಒಂದು ಕಿವಿ ಕಳೆದುಕೊಂಡಿತ್ತು. ಆ ವರ್ಷ ಅದರ ಹಿಂಗಾಲು ಸೋತವು. ಅವನು ಎರಡು ದಿನ ಅದನ್ನು ಹೆಗಲ ಮೇಲೆ ಹೊತ್ತ. ಮೂರನೆಯ ದಿನ ಆಗಲಿಲ್ಲ. ಅಂಥ ನಾಯಿಗಳನ್ನು ದಾರಿಯಲ್ಲೇ ಬಿಟ್ಟು ಹೋಗುವವರೇ ಹೆಚ್ಚು. ಇವನ ಮನಸ್ಸು ಒಪ್ಪಲಿಲ್ಲ. ಒಳ್ಳೆಯವನೇ, ಪಾಪ. ತಪ್ಪು ಮಾಡುವವರೆಲ್ಲ ಕೆಟ್ಟವರಾಗಿದ್ದರೆ ಲೋಕ ಎಷ್ಟೋ ಸುಲಭವಾಗಿರುತ್ತಿತ್ತು.

ದಾರಿಯಲ್ಲಿ ಒಬ್ಬ ಕುಂಬಾರ ಹೆಂಗಸಿನ ಮನೆ ಸಿಕ್ಕಿತು. ಒಂಟಿ ಹೆಂಗಸು, ಎರಡು ಆಡು ಸಾಕಿಕೊಂಡಿದ್ದಳು.

"ಇದಕ್ಕ ಇನ್ನ ನಡ್ಯಾಕ ಆಗೂದಿಲ್ಲ ತಂಗಿ. ಇರೂತನಕ ಒಂದು ತುತ್ತು ಹಾಕ್ತೀಯೇನು?" ಎಂದ.

"ಮುದಿ ಜೀವ. ಇರಲಿ ಬಿಡಣ್ಣಾ," ಎಂದಳು ಆಕೆ.

ಅವನು ಎರಡು ಸೇರು ಜೋಳ ಕೊಟ್ಟ. ನಾಯಿ ಮಲಗುತ್ತಿದ್ದ ಕಂಬಳಿಯ ತುಂಡು ಕೊಟ್ಟ. ಅಳು ಬಂದೀತೆಂಬ ಅಂಜಿಕೆಯಿಂದ ಅದರ ಕಣ್ಣು ತಪ್ಪಿಸಿ ಸರಸರ ನಡೆದುಬಿಟ್ಟ.

ಒಂದು ಹರದಾರಿ ನಡೆದ ಮೇಲೆ ಒಂದು ಮಾತು ನೆನಪಾಯಿತು. ಸಂಜೆ ಕುರಿಗಳನ್ನು ದೊಡ್ಡಿಯಲ್ಲಿ ಕೂಡಿಹಾಕಿ, ಬಾಗಿಲ ತಡಿಕೆ ಮುಚ್ಚಿದ ಮೇಲೆಯೇ ಆ ನಾಯಿ ಉಣ್ಣುತ್ತಿತ್ತು. ಮರಿಯಾಗಿದ್ದಾಗ ಒಮ್ಮೆ ಮೊದಲೇ ಬಾಯಿ ಹಾಕಿ ಅವನ ಕೋಲಿನ ಪೆಟ್ಟು ತಿಂದಿತ್ತು. ಆಮೇಲೆ ಒಂದು ದಿನವೂ ತಪ್ಪಿರಲಿಲ್ಲ. ಇದನ್ನು ಹೇಳಿ ಬರಬೇಕು ಎಂದು ನಿಂತ. ಜೊತೆಯವರು ಹಿಂಡು ಹೊಡೆದುಕೊಂಡು ಮುಂದೆ ಹೋಗಿದ್ದರು. ತಿರುಗಿ ಹೋದರೆ ನಾಯಿಯ ಮುಖ ಮತ್ತೆ ನೋಡಬೇಕು. ತಿಳಿದ ಹೆಂಗಸು, ತಾನಾಗಿ ಗೊತ್ತು ಮಾಡಿಕೊಳ್ಳುತ್ತಾಳೆ ಎಂದುಕೊಂಡು ಮುಂದೆ ನಡೆದ.

ಎಲ್ಲಿ ಬೀಡುಬಿಟ್ಟರೂ ಸಂಜೆ ತಡಿಕೆ ಎಳೆಯುವಾಗ ಆ ಮಾತು ಚುಚ್ಚುತ್ತಿತ್ತು. ಹಸಿದ ನಾಯಿ ಉಣ್ಣದೆ ಎಲ್ಲಿ ಹೋದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಐದು ತಿಂಗಳ ಮೇಲೆ ಅದೇ ದಾರಿಯಲ್ಲಿ ಬಂದ. ಕುಂಬಾರ ಹೆಂಗಸಿನ ಅಂಗಳದಲ್ಲಿ ಒಗೆದು ಮಡಿಸಿಟ್ಟ ಕಂಬಳಿಯ ತುಂಡಿತ್ತು. ನಾಯಿ ಇರಲಿಲ್ಲ.

"ಹನ್ನೆರಡು ದಿನ ಇತ್ತಣ್ಣಾ," ಎಂದಳು ಆಕೆ. "ರೊಟ್ಟಿ ಮುರುದು ಹಾಲಾಗ ನೆನಸಿ ಇಟ್ಟೆ. ಬಾಯಿ ಹಚ್ಚಲಿಲ್ಲ. ಗಂಗಾಳದ ಮುಂದ ಕುಂತು ಬಾಗಲಾ ನೋಡತಿತ್ತು. ಇದು ಬರೂ ಮೊದಲ ದಿನಾ ಸಂಜಿಗೆ ಆಡು ಒಳಗ ಹೊಡದು ತಡಿಕಿ ಮುಚ್ಚತಿದ್ದೆ. ಇದು ನಿನ್ನ ದಾರಿ ಕಾಯ್ತೈತಿ, ಹೋಗೂದಾದ್ರ ಹೋಗಲಿ ಅಂತ ತಡಿಕಿ ತೆಗೆದ ಇಟ್ಟೆ. ಆಡು ಗೂಟಕ್ಕ ಕಟ್ಟಿದೆ. ನನ್ನ ಕೈಲೆ ಏನ ತಪ್ಪಾತು, ನೀನರ ಹೇಳು."

ಉತ್ತರ ಕುರಿಗಾಹಿಯ ಬಾಯಿಗೆ ಬಂದಿತ್ತು. ಹೇಳಿದ್ದರೆ, ತಪ್ಪು ತನ್ನದಲ್ಲವೆಂದು ಆಕೆಗೆ ತಿಳಿಯುತ್ತಿತ್ತು. ಯಾರದೆಂಬುದೂ ತಿಳಿಯುತ್ತಿತ್ತು.

"ನಿಂದೇನ ತಪ್ಪಿಲ್ಲ ತಂಗಿ. ಅದಕ್ಕ ವಯಸ್ಸಾಗಿತ್ತು," ಎಂದ. ಕಂಬಳಿಯನ್ನು ಅಲ್ಲೇ ಬಿಟ್ಟು ಹೋದ.

ಆಕೆ ಆ ಮಾತು ನಂಬಲಿಲ್ಲ. ತನ್ನ ಕೈಗುಣವೇ ಸರಿಯಿಲ್ಲ ಎಂದು ಕೊರಗಿದಳು. ಮರುವರ್ಷ ಇನ್ನೊಬ್ಬ ಕುರಿಗಾಹಿ ಇನ್ನೊಂದು ಮುದಿ ನಾಯಿಯನ್ನು ಕರೆತಂದು ಕೇಳಿದಾಗ ಕೈಮುಗಿದು ಒಲ್ಲೆನೆಂದಳು. ಆ ನಾಯಿ ದಾರಿಯಲ್ಲೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಹೊತ್ತು ಮುಳುಗುತ್ತಿತ್ತು.

"ಅವನು ತಿರುಗಿ ಹೋಗಿ ಹೇಳಬಹುದಿತ್ತು. ಒಂದೇ ಹರದಾರಿ," ಎಂದ ಅಡಿವೆಪ್ಪ.

"ಊರೊಳಗಿನ ಭಕ್ತರ ಮನೆ ಅಷ್ಟೂ ದೂರವಿಲ್ಲ, ಅಂಗಾಲು ತಿಕ್ಕದೆ ಆ ಹಿರಿಯರಿಗೆ ನಿದ್ದೆ ಬಾರದೆಂದು ಅಲ್ಲಿ ಹೇಳಿ ಬಂದೆಯಾ?" ಎಂದರು ಗುರುಗಳು.