ಪುಟ್ಟೀರಮ್ಮನ ಹಳೇ ಪೊರಕೆ

ಮಕ್ಕಳೇ, ಮನೆ ಬದಲಾಯಿಸುವ ಗಡಿಬಿಡಿ ಮನುಷ್ಯರಿಗೆ ಮಾತ್ರ ಎಂದುಕೊಂಡಿದ್ದೀರಾ? ಹಾಗಾದರೆ ನೀವು ಸೀಗೆಗುಡ್ಡದ ಹೆಗ್ಗಣ ಪುಟ್ಟೀರಮ್ಮನನ್ನು ನೋಡಿಲ್ಲ.

ಸೀಗೆಗುಡ್ಡ ಎಂದರೆ ಅಂಥ ಭಾರಿ ಗುಡ್ಡವೇನಲ್ಲ. ಅಳಿಲೊಂದು ಮನಸ್ಸು ಮಾಡಿದರೆ ಬೆಳಗಿನ ತಿಂಡಿಗೆ ಮೊದಲೇ ಹತ್ತಿ ಇಳಿದುಬಿಡಬಹುದು. ಮೈತುಂಬ ಸೀಗೆಪೊದೆ, ಕೆಳಗೊಂದು ಹಳ್ಳ, ಹಳ್ಳದ ದಂಡೆಯಲ್ಲಿ ಒಂದು ಬೂರುಗದ ಮರ. ಆ ಮರದ ಬುಡದಲ್ಲಿ ಪುಟ್ಟೀರಮ್ಮನ ಬಿಲ.

ಬಿಲವೇನೋ ಬೆಚ್ಚಗಿತ್ತು. ಆದರೆ ಮರದ ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗಿ ಒಳಗೆ ನುಗ್ಗಿತ್ತು. ಪುಟ್ಟೀರಮ್ಮ ಮಗ್ಗುಲು ಬದಲಿಸಿದರೆ ಸಾಕು, ತಲೆಗೆ ಟಣ್ ಎಂದು ಬಡಿಯುತ್ತಿತ್ತು. ಸಾಲದ್ದಕ್ಕೆ ಅವಳೀಗ ತುಂಬು ಬಸುರಿ. ಇವತ್ತೋ ನಾಳೆಯೋ ಮರಿಗಳು ಹುಟ್ಟಬೇಕು.

"ಇದರಲ್ಲಿ ನಾನೇ ಹಿಡಿಯಲ್ಲ, ಮಕ್ಕಳನ್ನ ಎಲ್ಲಿ ಮಲಗಿಸಲಿ?" ಎಂದು ಗುಡ್ಡದ ಆಚೆ ಮಗ್ಗುಲಲ್ಲಿ ಹೊಸ ಬಿಲ ತೋಡಿಕೊಂಡಿದ್ದಳು. ಮೂರು ಕೋಣೆ, ನುಣ್ಣನೆ ಗೋಡೆ, ಬಾಗಿಲ ಎದುರಿಗೇ ಜುಳುಜುಳು ಹರಿಯುವ ನೀರು. ನಾಳೆ ಬೆಳಿಗ್ಗೆ ಗೃಹಪ್ರವೇಶ ಎಂದು ನೆರೆಯವರನ್ನೆಲ್ಲ ಕರೆದದ್ದೂ ಆಗಿತ್ತು.

ಇನ್ನು ಉಳಿದದ್ದು ಹಳೇ ಮನೆ ಖಾಲಿ ಮಾಡುವ ಕೆಲಸ. ಪುಟ್ಟೀರಮ್ಮ ಬಿಲ ತೋಡು ಎಂದರೆ ತೋಡುವಳು, ಮೂಟೆ ಹೊರು ಎಂದರೆ ಹೊರುವಳು. ಕೂತು ಇದು ಬೇಕು, ಅದು ಬೇಡ ಎಂದು ವಿಂಗಡಿಸು ಎಂದರೆ ಮಾತ್ರ ಅವಳಿಗೆ ಮೈಯೆಲ್ಲ ಉರಿ.

ಅವಳ ಅಜ್ಜಿ ಒಂದು ಮಾತು ಹೇಳುತ್ತಿದ್ದಳು, ಹಳೇ ಮನೆಯ ಪೊರಕೆಯನ್ನು ಹೊಸ ಮನೆಗೆ ಒಯ್ಯಬಾರದು ಅಂತ. ಯಾಕೆ ಎಂದು ಅಜ್ಜಿ ಹೇಳಿರಲಿಲ್ಲ, ಮೊಮ್ಮಗಳೂ ಕೇಳಿರಲಿಲ್ಲ. ಆದರೂ ನೆರೆಯವರ ಮುಂದೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದಳು. ಬಾಗಿಲ ಮೂಲೆಯಲ್ಲಿ ಅವಳೇ ಕಟ್ಟಿದ ಕಡ್ಡಿ ಪೊರಕೆ ಇತ್ತು. ಒಂದು ಕಡ್ಡಿಯೂ ಮುರಿದಿರಲಿಲ್ಲ. ಆದರೇನು, ಹಳೇದಲ್ಲವೇ? ಎತ್ತಿ ಹಳ್ಳಕ್ಕೆ ಎಸೆದಳು. ನೀರು ಅದನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ, ಕಣ್ಣು ಮಿಟುಕಿಸುವುದರಲ್ಲಿ ತಿರುವಿನಾಚೆ ಒಯ್ದುಬಿಟ್ಟಿತು.

"ಆಹಾ! ಎಷ್ಟು ಸಲೀಸು!" ಎಂದಳು ಪುಟ್ಟೀರಮ್ಮ.

ಆಮೇಲೆ ಅವಳ ತಲೆ ಓಡತೊಡಗಿತು. ಪೊರಕೆ ಹಳೇದು ಅಂತ ಒಯ್ಯಬಾರದು ಎಂದಮೇಲೆ ಚಾಪೆಯನ್ನು ಯಾಕೆ ಒಯ್ಯಬೇಕು? ಅದೂ ಹಳೇದೇ. ಹುಲ್ಲಿನ ಚಾಪೆ ನೀರಿಗೆ ಬಿತ್ತು. ಚಾಪೆಯೇ ಹೋದಮೇಲೆ ಗೋಣಿ ಯಾಕೆ? ಗೋಣಿ ಹೋಯಿತು. ಜೋಳದ ದಂಟು ಹೋಯಿತು. ವರ್ಷವೆಲ್ಲ ತಿಂದು ಗುಡ್ಡೆ ಹಾಕಿದ್ದ ಕಡಲೆಕಾಯಿ ಸಿಪ್ಪೆ ಬಳಬಳನೆ ಹೋಯಿತು. ಅಜ್ಜಿ ಹೇಳಿದ್ದು ಪೊರಕೆಯೊಂದನ್ನೇ. ಮೊಮ್ಮಗಳು ಇಡೀ ಸಂಸಾರಕ್ಕೇ ಅದನ್ನು ಹಿಗ್ಗಿಸಿಬಿಟ್ಟಳು.

ಕಾಳಿನ ಗಂಟನ್ನು ಮಾತ್ರ ಜೋಪಾನವಾಗಿ ಪಕ್ಕಕ್ಕಿಟ್ಟುಕೊಂಡಳು. ಹೊಟ್ಟೆಯ ವಿಷಯ ಬಂದಾಗ ಅವಳಿಗೆ ಹಳೇದು ಹೊಸದು ಎಂಬ ಭೇದವಿರಲಿಲ್ಲ.

ಮರದ ಮೇಲಿಂದ ಅಳಿಲು ಗಿರಿಜಕ್ಕ ಇಳಿದು ಬಂದಳು. ಪುಟ್ಟೀರಮ್ಮನ ಕೈಯಲ್ಲಿ ಬೂರುಗದ ಅರಳೆಯ ದೊಡ್ಡ ಉಂಡೆ ಇತ್ತು. ಚಳಿಗಾಲಕ್ಕೆಂದು ಕೂಡಿಟ್ಟ ಮೆತ್ತನೆ ಅರಳೆ.

"ಅಯ್ಯೋ, ಅದನ್ನೂ ಎಸೀತೀಯಾ? ನನ್ನ ಮಕ್ಕಳ ಹಾಸಿಗೆ ಪೂರಾ ಸವೆದುಹೋಗಿದೆ. ನನಗಾದ್ರೂ ಕೊಡೇ," ಎಂದಳು ಗಿರಿಜಕ್ಕ.

"ಇದರೊಳಗೆ ಕಸಕಡ್ಡಿ ಎಲ್ಲಾ ಸೇರಿದೆ ಗಿರಿಜಕ್ಕ. ಬಿಡಿಸಿ ಕೊಡ್ತಾ ಕೂತ್ರೆ ನನಗೆ ಇಲ್ಲೇ ಕತ್ತಲಾಗುತ್ತೆ," ಎಂದವಳೇ ಅರಳೆಯನ್ನು ನೀರಿಗೆ ಬಿಟ್ಟಳು.

ಅಷ್ಟರಲ್ಲಿ ಗೀಜಗ ಸೋಮಲಿಂಗು ಹಾರಿ ಬಂದ. ಪಾಪ, ಅವನ ಪಾಡು ಯಾರಿಗೂ ಬೇಡ. "ಪುಟ್ಟೀರಮ್ಮೋರೇ, ಆ ತೆಂಗಿನ ನಾರು ಇದೆಯಲ್ಲ, ಅದನ್ನ ನನಗೆ ಕೊಡಿ. ನಾನು ಕಟ್ಟಿದ ಗೂಡನ್ನ ನಮ್ಮ ಮನೆಯವಳು ಆಗ್ಲೇ ಎರಡು ಸಲ ಬೇಡ ಅಂದುಬಿಟ್ಳು. ಈ ಸಲ ಗಟ್ಟಿಯಾಗಿ ಕಟ್ಟದಿದ್ರೆ ತವರಿಗೇ ಹೋಗ್ತಾಳಂತೆ!"

"ನಾರು ಚಿಪ್ಪಿಗೆ ಅಂಟಿಕೊಂಡಿದೆ ಕಣೋ. ಯಾರು ಕೀಳ್ತಾರೆ?" ಎಂದು ಪುಟ್ಟೀರಮ್ಮ ಚಿಪ್ಪು, ನಾರು ಎರಡನ್ನೂ ಒಟ್ಟಿಗೇ ಉರುಳಿಸಿದಳು.

ಚಿಪ್ಪು ಬುಳುಕ್ ಎಂದದ್ದನ್ನು ಕೇಳಿ ಕಲ್ಲಿನ ಸಂದಿಯಿಂದ ಏಡಿ ಕೆಂಚಣ್ಣ ಹೊರಗೆ ಬಂದ. "ಛೇ, ಆ ಚಿಪ್ಪು ನನ್ನ ಮನೆಗೆ ಒಳ್ಳೇ ಸೂರಾಗ್ತಿತ್ತು. ಹೋಗ್ಲಿ ಬಿಡಮ್ಮ. ಆದ್ರೆ ಒಂದು ಮಾತು. ಈ ಹಳ್ಳ ಇಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನಿನಗೆ..."

"ಎಲ್ಲಿಗಾದ್ರೂ ಹೋಗ್ಲಿ ಕೆಂಚಣ್ಣ! ನನ್ನ ಕಣ್ಮುಂದೆ ಇಲ್ಲದಿದ್ರೆ ಸಾಕು. ನಾಳೆ ಬೆಳಿಗ್ಗೆ ತಪ್ಪದೆ ಊಟಕ್ಕೆ ಬಾ," ಎಂದು ಪುಟ್ಟೀರಮ್ಮ ಕಾಳಿನ ಗಂಟು ಹೊತ್ತು ಗುಡ್ಡ ಹತ್ತಿಯೇಬಿಟ್ಟಳು. ಕೆಂಚಣ್ಣ ಕೊಂಡಿ ಎತ್ತಿದವನು ಎತ್ತಿದ ಹಾಗೇ ನಿಂತ.

ಮಕ್ಕಳೇ, ಪುಟ್ಟೀರಮ್ಮ ಹಳೇ ಮನೆಯಿಂದ ಹೊಸ ಮನೆಗೆ ಎಷ್ಟು ಸಲ ಓಡಾಡಿದ್ದರೂ ಗುಡ್ಡದ ನೆತ್ತಿ ದಾಟಿಯೇ ಓಡಾಡಿದ್ದಳು. ಅದು ಹತ್ತಿರದ ದಾರಿ. ಹಳ್ಳದ ಪಕ್ಕದಲ್ಲಿ ಒಂದು ದಿನವೂ ನಡೆದು ನೋಡಿದವಳಲ್ಲ. ನೆನಪಿಟ್ಟುಕೊಳ್ಳಿ.

ಮಾರನೆಯ ಬೆಳಿಗ್ಗೆ ಹೊಸ ಮನೆಯ ಬಾಗಿಲಿಗೆ ಮಾವಿನೆಲೆ ಕಟ್ಟಿ, ಕಾಳನ್ನು ಒಳಕೋಣೆಯಲ್ಲಿ ಪೇರಿಸಿ, ಪುಟ್ಟೀರಮ್ಮ ಠೀವಿಯಿಂದ ನಿಂತಿದ್ದಳು. ನೆಲಕ್ಕೆ ಹಾಸಲು ಒಂದು ಎಳೆ ಹುಲ್ಲೂ ಇರಲಿಲ್ಲ. 'ಊಟ ಮುಗಿಸಿ ಎಲ್ಲಾ ಹೊಸದಾಗಿ ತಂದರಾಯಿತು' ಎಂದುಕೊಂಡಿದ್ದಳು. ಗಿರಿಜಕ್ಕ ಬಂದಳು, ಸೋಮಲಿಂಗು ಬಂದ. ನೀರಿನ ದಾರಿ ಹಿಡಿದ ಕೆಂಚಣ್ಣ ಇನ್ನೂ ಬರಬೇಕಿತ್ತು.

ಗೃಹಪ್ರವೇಶದ ದಿನ ಹಾಲು ಉಕ್ಕಬೇಕು ಎನ್ನುತ್ತಾರೆ. ಇಲ್ಲಿ ಹಳ್ಳವೇ ಉಕ್ಕಿತು!

ಮಳೆಯಿಲ್ಲ, ಮೋಡವಿಲ್ಲ. ಆದರೂ ಬಾಗಿಲ ಎದುರಿನ ನೀರು ಮೆಲ್ಲಮೆಲ್ಲಗೆ ಏರಿತು. ಮೊದಲು ಹೊಸ್ತಿಲು ಒದ್ದೆಯಾಯಿತು. ಆಮೇಲೆ ಮೊದಲ ಕೋಣೆಗೆ ನೀರು ನುಗ್ಗಿತು. ಪುಟ್ಟೀರಮ್ಮ ಓಡಿಹೋಗಿ ಕಾಳಿನ ಗಂಟನ್ನು ಎತ್ತಿಕೊಂಡಳು. ಅವಳ ಹೊಟ್ಟೆಯಲ್ಲಿ ಸಣ್ಣಗೆ ನೋವು ಶುರುವಾಗಿತ್ತು.

"ಗಿರಿಜಕ್ಕಾ! ಮರಿಗಳು ಇವತ್ತೇ ಬರೋ ಹಾಗಿವೆ. ಹಳೇ ಮನೆಗೆ ಗುಡ್ಡ ಹತ್ತೋಕೆ ನನ್ನ ಕೈಲಾಗಲ್ಲ. ಇಲ್ಲಿ ನೋಡಿದ್ರೆ ನೀರು. ನನ್ನ ಮಕ್ಕಳನ್ನ ಎಲ್ಲಿ ಹೆರಲಿ?" ಎಂದು ಗೊಳೋ ಎಂದು ಅತ್ತಳು. ಬೆಳಗಿನ ಠೀವಿ ಎಲ್ಲಿ ಹೋಯಿತೋ.

ಅವಳು ಅಳುತ್ತಿದ್ದಂತೆಯೇ ಬಾಗಿಲಿನಿಂದ ಏನೋ ತೇಲುತ್ತ ತೇಲುತ್ತ ಒಳಗೆ ಬಂತು. ಬಂದು ಅವಳ ಕಾಲಿಗೆ ತಾಗಿ ನಿಂತಿತು.

ಕಡ್ಡಿ ಪೊರಕೆ!

ಪುಟ್ಟೀರಮ್ಮ ಅಳು ನಿಲ್ಲಿಸಿ ಅದನ್ನೇ ನೋಡಿದಳು. ಗಂಟು ಅವಳು ಹಾಕಿದ ಗಂಟೇ. "ಇದು... ಇದು ಇಲ್ಲಿಗೆ ಹೇಗೆ ಬಂತು?"

"ಹೇಗೆ ಅಂದ್ರೆ, ನೀನು ಕಳಿಸಿದ ದಾರಿಯಲ್ಲೇ ಬಂತು," ಎಂದ ಕೆಂಚಣ್ಣ, ನೀರಿನಿಂದ ಅಡ್ಡಡ್ಡ ಏರಿ ಬರುತ್ತ. "ನಿನ್ನೆ ನಾನು ಹೇಳೋಕೆ ಬಂದದ್ದು ಇದನ್ನೇ ಕಣಮ್ಮ. ಇದು ಬೇರೆ ಹಳ್ಳ ಅಲ್ಲ. ಅದೇ ಹಳ್ಳ ಗುಡ್ಡ ಸುತ್ತಿಕೊಂಡು ನಿನ್ನ ಬಾಗಿಲ ಮುಂದೆ ಹಾದು ಹೋಗುತ್ತೆ. ಕೆಳಗೆ ಎರಡು ಬಂಡೆ ನಡುವೆ ನಿನ್ನ ಗೋಣಿ ಸಿಕ್ಕಿಕೊಂಡಿದೆ. ಅದಕ್ಕೆ ಚಾಪೆ, ಚಾಪೆಗೆ ದಂಟು, ದಂಟಿಗೆ ಸಿಪ್ಪೆ. ಒಳ್ಳೇ ಕಟ್ಟೆ ಕಟ್ಟಿದ್ದೀಯ. ನೀರು ಮುಂದೆ ಹೋಗೋಕೆ ಜಾಗ ಇಲ್ಲ, ನಿನ್ನ ಮನೆಗೆ ಬಂದಿದೆ."

ಪುಟ್ಟೀರಮ್ಮನ ಮುಖ ಇಷ್ಟೇ ಇಷ್ಟಾಯಿತು. ತನ್ನ ಮನೆಯನ್ನು ತಾನೇ ಮುಳುಗಿಸಿಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು. "ನಿಮ್ಮ ಮಾತು ಕೇಳದೆ ಕೆಟ್ಟೆ ಕಣ್ರೋ. ನನಗಾಗಿ ಬೇಡ, ಹೊಟ್ಟೆಯಲ್ಲಿರೋ ಈ ಮಕ್ಕಳಿಗಾಗಿ ಏನಾದ್ರೂ ಮಾಡಿ," ಎಂದಳು.

ಗಿರಿಜಕ್ಕ ಆಗಲೇ ಬಾಗಿಲಾಚೆ ಜಿಗಿದಿದ್ದಳು. ಕೆಂಚಣ್ಣ ನೀರಿಗೆ ಇಳಿದು ಗೋಣಿಯ ಎಳೆಗಳನ್ನು ಕೊಂಡಿಯಿಂದ ಕಚಕಚನೆ ಕತ್ತರಿಸಿದ. ಸೋಮಲಿಂಗು ನಾರನ್ನು ಕೊಕ್ಕಿನಲ್ಲಿ ಹಿಡಿದು ಎಳೆದೆಳೆದು ದಂಡೆಗೆ ಹಾಕಿದ. ಗಿರಿಜಕ್ಕ ಅರಳೆ, ದಂಟು, ಚಾಪೆ ಎಲ್ಲವನ್ನೂ ಎತ್ತಿ ಎತ್ತಿ ಬಿಸಿಲಿಗೆ ಎಸೆದಳು. ಕೊನೆಗೆ ಗೋಣಿ ಕಿತ್ತು ಬಂದದ್ದೇ ತಡ, ನೀರು ಭೋರ್ ಎಂದು ಮುಂದಕ್ಕೆ ನುಗ್ಗಿತು. ಮನೆಯೊಳಗಿನ ನೀರೂ ಅದರ ಹಿಂದೆಯೇ ಇಳಿದುಹೋಯಿತು.

ಒಳಗೆ ಉಳಿದದ್ದು ಕೆಸರು. ಮರಿಗಳಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಪುಟ್ಟೀರಮ್ಮ ಅತ್ತ ಇತ್ತ ನೋಡಿದಳು, ಮತ್ತೆ ಕಾಲ ಬಳಿಯ ಪೊರಕೆಯನ್ನು ನೋಡಿದಳು. ಎತ್ತಿಕೊಂಡು ಒಳಕೋಣೆಯ ಕೆಸರನ್ನೆಲ್ಲ ಬರಬರನೆ ಗುಡಿಸಿ ಆಚೆ ಹಾಕಿದಳು.

ಸೋಮಲಿಂಗುವಿಗೆ ಬಾಯಿ ಸುಮ್ಮನಿರಬೇಕಲ್ಲ? "ಏನ್ ಪುಟ್ಟೀರಮ್ಮೋರೇ, ಹಳೇ ಪೊರಕೆ ಹೊಸ ಮನೆಗೆ ಒಯ್ಯಬಾರದು ಅಂತಿದ್ರಿ?"

"ನಾನೆಲ್ಲಿ ಒಯ್ದೆನೋ? ಅದೇ ಬಂತು!" ಎಂದಳು ಪುಟ್ಟೀರಮ್ಮ. ನೋವಿನಲ್ಲೂ ಅವಳಿಗೆ ನಗು ಬಂತು. ಎಲ್ಲರೂ ನಕ್ಕರು.

ಮಧ್ಯಾಹ್ನದ ಬಿಸಿಲು ಜೋರಾಗಿತ್ತು. ಬಂಡೆಯ ಮೇಲೆ ಹರಡಿದ್ದ ಅರಳೆ ಒಣಗಿ ಉಬ್ಬಿತು. ಗಿರಿಜಕ್ಕ ಕಸಕಡ್ಡಿ ಆರಿಸಿದಳು, ಪುಟ್ಟೀರಮ್ಮನೂ ನರಳುತ್ತಲೇ ಪಕ್ಕದಲ್ಲಿ ಕೂತು ಆರಿಸಿದಳು. ಅವಳು ವಿಂಗಡಿಸಲು ಕೂತದ್ದು ಹುಟ್ಟಿದಮೇಲೆ ಅದೇ ಮೊದಲು. ಅರ್ಧ ಅರಳೆ ಅವಳ ಒಳಕೋಣೆಗೆ ಹೋಯಿತು, ಅರ್ಧ ಗಿರಿಜಕ್ಕನ ಪೊಟರೆಗೆ. ನಾರು ಸೋಮಲಿಂಗುವಿಗೆ, ಚಿಪ್ಪು ಕೆಂಚಣ್ಣನ ಮನೆಯ ಸೂರಿಗೆ. ಯಾರಿಗೂ ಬೇಡವಾದ ಕಡಲೆಕಾಯಿ ಸಿಪ್ಪೆಯನ್ನು ಸೀಗೆಪೊದೆಯ ಬುಡಕ್ಕೆ ಸುರಿದರು. ದಿನ ಕಳೆದಂತೆ ಎರೆಹುಳುಗಳು ಬಂದು ಅದನ್ನು ಮಣ್ಣು ಮಾಡಿಕೊಂಡವು.

ಅದೇ ದಿನ ಸಂಜೆಯ ಹೊತ್ತಿಗೆ ಒಳಕೋಣೆಯಿಂದ ಚೀಂ ಚೀಂ ಎಂಬ ಸದ್ದು ಕೇಳಿಸಿತು. ಕಣ್ಣು ಬಿಡದ ಗುಲಾಬಿ ಬಣ್ಣದ ಮರಿಗಳು ಒಂದರ ಮೇಲೊಂದು ಬಿದ್ದು ಹಾಲಿಗೆ ತಡಕಾಡುತ್ತಿದ್ದವು. ಅವುಗಳ ಅಡಿಯಲ್ಲಿ ನಿನ್ನೆ ನೀರಿಗೆ ಬಿಟ್ಟಿದ್ದ ಅದೇ ಹಳೇ ಅರಳೆ, ಬಿಸಿಲಿನ ಬಿಸಿ ಇನ್ನೂ ಆರದೆ ಬೆಚ್ಚಗಿತ್ತು.

ನೀತಿ: ಮನೆ ಬಿಡುವಾಗ ಬೇಕಾದದ್ದನ್ನು ಒಯ್ಯಿರಿ, ಬೇಡವಾದದ್ದನ್ನು ಬೇಕಾದವರಿಗೆ ಕೊಡಿ. ಎಸೆದ ವಸ್ತು ಮಾಯವಾಗುವುದಿಲ್ಲ, ಯಾರದೋ ಬಾಗಿಲಿಗೆ ಹೋಗುತ್ತದೆ, ಆ ಬಾಗಿಲು ನಮ್ಮದೇ ಆಗಿರಬಹುದು.